ಲೈನು ಹೋದ ಮಧ್ಯಾಹ್ನ

ತೊಂಬತ್ತರ ದಶಕದಲ್ಲಿ ನಾನು ಆಂಧ್ರದ ಹಿಂದೂಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ಗಾಳಿಯಂತ್ರದ ಜನರೇಟರುಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುತ್ತಿದ್ದೆ. ಕಲ್ಯಾಣದುರ್ಗದ ಹತ್ತಿರ ಗುಡ್ಡದ ಮೇಲಿದ್ದ ಯಂತ್ರದ ಪ್ಯಾನೆಲ್ಲೂ ನನ್ನದೇ. ಅದನ್ನು ನೋಡಿಕೊಳ್ಳುತ್ತಿದ್ದವರು ಕುಂದುರ್ಪಿ ಕಡೆಯ ಎಲೆಕ್ಟ್ರಿಷಿಯನ್, ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

ಅಲ್ಲಿ ಯಂತ್ರ ವಿದ್ಯುತ್ ಕಳಿಸುತ್ತಿದ್ದ ಲೈನಿನಲ್ಲೇ ಕರೆಂಟು ಹೋಗಿ ಹೋಗಿ ಬರುತ್ತಿತ್ತು. ಹೋದಾಗಲೆಲ್ಲ ಬ್ರೇಕ್ ಬಿದ್ದು ಯಂತ್ರ ನಿಲ್ಲುತ್ತಿತ್ತು. ಅದನ್ನು ತಪ್ಪಿಸಲು ಬ್ಯಾಟರಿಯ ಜೊತೆ ಒಂದು ರಿಲೇ, ಅಂದರೆ ತಾನಾಗಿಯೇ ಹಿಡಿದು ಬಿಡುವ ಸ್ವಿಚ್ಚು, ಸೇರಿಸಿದೆ. ಕರೆಂಟು ಹೋದರೂ ಬ್ಯಾಟರಿಯ ಬಲದಿಂದ ಎರಡು ಸೆಕೆಂಡು ಅದು ಬ್ರೇಕನ್ನು ತಡೆದು ಹಿಡಿದು, ಆಮೇಲೆ ಬಿಡುತ್ತಿತ್ತು. ಆ ರಿಲೇ ಬಿಡದೇ ಹೋದರೆ ಏನು ಗತಿ ಎಂದು ಎಲೆಕ್ಟ್ರಿಷಿಯನ್ ಕೇಳಿದ್ದರು. ಬಿಟ್ಟೇ ಬಿಡುತ್ತೆ ಎಂದು ನಾನು ನಕ್ಕಿದ್ದೆ.

ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ, ನಾವಿಬ್ಬರೂ ಗೋಪುರದ ಬುಡದಲ್ಲಿ ಪ್ಯಾನೆಲ್ ಮುಂದೆ ನಿಂತಿದ್ದಾಗಲೇ ಲೈನು ಹೋಯಿತು. ಜನರೇಟರಿನ ಮೇಲಿನ ಭಾರ ಒಮ್ಮೆಗೇ ಇಳಿದು ರೆಕ್ಕೆಗಳು ಹುಚ್ಚೆದ್ದು ತಿರುಗತೊಡಗಿದವು. ಎರಡು ಸೆಕೆಂಡು ಕಳೆಯಿತು, ಹತ್ತು ಕಳೆಯಿತು, ಬ್ರೇಕ್ ಬೀಳಲಿಲ್ಲ. ಕೆಂಪು ಬಟನ್ ಒತ್ತಿದೆ. ಏನೂ ಆಗಲಿಲ್ಲ. ವೇಗ ಮೀರಿದಾಗ ಯಂತ್ರ ನಿಲ್ಲಿಸುವ ಸ್ವಿಚ್ಚು, ಈ ಬಟನ್ನು, ಎಲ್ಲವನ್ನೂ ನಾನು ಅದೇ ರಿಲೇ ಮೂಲಕ ಹಾಯಿಸಿದ್ದೆ. ಕಾಲಡಿಯ ಕಾಂಕ್ರೀಟು ನಡುಗುತ್ತಿತ್ತು. ಕೆಳಗೆ ಇಳಿಜಾರಿನಲ್ಲಿ ಇಬ್ಬರು ಹೆಂಗಸರು ಕುರಿ ಮೇಯಿಸುತ್ತಿದ್ದರು. ರೆಕ್ಕೆ ಮುರಿದರೆ ಬೀಳುವುದು ಅವರ ಮೇಲೇ.

“ಸಾರ್, ಬ್ಯಾಟ್ರಿ ವೈರು ಕಿತ್ಬುಡಿ. ಅವ್ರನ್ನ ಆಚೆಗೆ ಕಳಿಸ್ಬುಟ್ಟು ಬತ್ತೀನಿ,” ಎಂದು ಎಲೆಕ್ಟ್ರಿಷಿಯನ್ ಓಡಿದರು. ತೆಲುಗಿನಲ್ಲಿ ಅವರು ಕೂಗುತ್ತಿದ್ದುದು ಗಾಳಿಯಲ್ಲಿ ಚೂರು ಚೂರಾಗಿ ಕೇಳಿಸುತ್ತಿತ್ತು.

ಬ್ಯಾಟರಿಯ ನಟ್ಟಿನ ಮೇಲೆ ಸ್ಪ್ಯಾನರ್ ಎರಡು ಸಲ ಜಾರಿತು. ಅದನ್ನು ಬಿಸಾಡಿ ಕಟಿಂಗ್ ಪ್ಲೇಯರಿನಿಂದ ವೈರನ್ನೇ ಕತ್ತರಿಸಿದೆ. ಕಿಡಿ ಹಾರಿತು. ಮೇಲೆ ದಡ್ ಎಂದು ಬ್ರೇಕ್ ಬಿತ್ತು, ಗೋಪುರ ಇಡೀ ಅದುರಿತು, ಸುಟ್ಟ ವಾಸನೆ ಇಳಿದು ಬಂತು. ರೆಕ್ಕೆಗಳು ನಿಧಾನವಾಗಿ ಪೂರ್ತಿ ನಿಂತವು.

ಎಲೆಕ್ಟ್ರಿಷಿಯನ್ ಏದುಸಿರು ಬಿಡುತ್ತಾ ಬಂದು, ನೀರು ಕುಡಿದು, ರಿಲೇ ಬಿಚ್ಚಿದರು. ಅದರೊಳಗಿನ ಎರಡು ಲೋಹದ ತುದಿಗಳು ಕರಗಿ ಒಂದಾಗಿ ಅಂಟಿಕೊಂಡಿದ್ದವು. “ಆಫೀಸ್ನೋರು ಕೇಳ್ತಾರೆ, ಏನಂತೀರಿ?” ಎಂದಷ್ಟೇ ಕೇಳಿದರು.

“ನನ್ನ ಡ್ರಾಯಿಂಗ್ ತಪ್ಪು ಅಂತೀನಿ,” ಎಂದೆ.

ಲೈನಿನ ದೋಷ ಎಂದು ಬರೆದುಬಿಡು ಎಂದರು ನಮ್ಮ ಕಾರ್ಖಾನೆಯ ಮಾಲೀಕರು. ನಾನು ಇದ್ದದ್ದನ್ನೇ ಬರೆದೆ. ಒಂದು ವಾರ ಅವರು ನನ್ನೊಡನೆ ಮಾತಾಡಲಿಲ್ಲ, ಆದರೆ ಹೊಸ ಪ್ಯಾನೆಲ್ಲಿಗೆ ಒಪ್ಪಿದರು. ಈ ಸಲ ಡ್ರಾಯಿಂಗನ್ನು ಮೊದಲು ಎಲೆಕ್ಟ್ರಿಷಿಯನ್ ಮುಂದೆ ಹರಡಿದೆ. ಅವರು ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿ, ವೇಗದ ಸ್ವಿಚ್ಚಿನ ಗೆರೆ ಯಾವ ರಿಲೇಯನ್ನೂ ಹಾಯದೆ ನೇರ ಬ್ರೇಕಿಗೇ ಹೋಗುತ್ತದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ತಲೆಯಾಡಿಸಿದರು.