ಮರುಗದ ಕುಂಡದ ಕೆಳಗಿನ ತಾಟು

ಹುಳಿತ ಮಣ್ಣಿನ ವಾಸನೆಯನ್ನು ಮೂಗು ಒಮ್ಮೆ ಕಂಡರೆ ಮರೆಯುವುದಿಲ್ಲ. ಕೆಟ್ಟ ಮಜ್ಜಿಗೆಗೂ ಒದ್ದೆ ಗೋಣಿಚೀಲಕ್ಕೂ ನಡುವಿನ ವಾಸನೆ ಅದು. ಮೊನ್ನೆ ನಮ್ಮ ಹಾಲ್‌ನಲ್ಲಿ ಕುಳಿತಿದ್ದಾಗ ಆ ವಾಸನೆ ಬಂತು. ಕಿಟಕಿಯ ಬಳಿ ಮೊಮ್ಮಗಳು ಚಂದದ ಪಿಂಗಾಣಿ ಕುಂಡದಲ್ಲಿ ಒಂದು ಗಿಡ ಇಟ್ಟಿದ್ದಾಳೆ. ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ಮಣ್ಣಿಗೆ ಬೆರಳು ಇಳಿಸಿದೆ, ಬರೀ ಕೆಸರು. ಕುಂಡ ವಾಲಿಸಿ ತಳ ನೋಡಿದರೆ, ಫರ್ಶಿ ಕಲ್ಲಿನ ನೆಲ ಹೊಲಸಾಗಬಾರದೆಂದು ತೂತಿಗೆ ಟೇಪು ಅಂಟಿಸಿದ್ದಾಳೆ! ದಿನವೂ ತಪ್ಪದೆ ನೀರು ಹಾಕುತ್ತೇನೆ, ಆದರೂ ಒಣಗುತ್ತಿದೆ ಎಂದು ಮರಾಠಿಯಲ್ಲಿ ನನಗೇ ದೂರು ಹೇಳಿದಳು. ನಾನು ಆ ಮುಚ್ಚಿದ ತೂತನ್ನೇ ನೋಡುತ್ತ ಕುಳಿತೆ. ಮಾವಶಿ ನೆನಪಾದರು...

ಸಾಂಗ್ಲಿಯಲ್ಲಿ ಇನ್ನೂ ರಾಜರ ಆಳ್ವಿಕೆ ಇದ್ದ ಕಾಲ ಅದು. ಮಾವಶಿ ಎಂದು ಕರೆದರೂ ಅವರು ನನ್ನ ತಾಯಿಯ ತಂಗಿಯಲ್ಲ, ಹಲವು ಮನೆಯವರು ಕೂಡಿ ಇದ್ದ ನಮ್ಮ ವಾಡೆಯ ಅಂಗಳದ ಆಚೆ ಬದಿಯ ನೆರೆಯವರು. ವಾಡೆಯ ಮಕ್ಕಳಿಗೆಲ್ಲ ಅವರು ಮಾವಶಿಯೇ. ನಮ್ಮಂತೆ ಲಿಂಗವಂತರು, ನಮ್ಮಂತೆಯೇ ಅರಿಶಿನದ ವ್ಯಾಪಾರದ ಮನೆ. ಗಂಡ ತೀರಿಕೊಂಡ ಮೇಲೆ ಅಂಗಡಿ ಮಗನದಾಯಿತು, ಅಡಿಗೆಮನೆ ಸೊಸೆಯದಾಯಿತು. ಮಾವಶಿಗೆ ಉಳಿದದ್ದು ಒಂದು ಕೋಣೆ, ಕೊರಳಿನ ಲಿಂಗ, ಮತ್ತು ಕಿಟಕಿಯ ಕೆಳಗೆ ಮಣ್ಣಿನ ಕುಂಡದಲ್ಲಿ ಒಂದು ಮರುಗದ ಗಿಡ. ಸಮಡೋಳಿಯ ತವರುಮನೆಯ ಹಿತ್ತಿಲಿನಿಂದ ತಂದ ಕಡ್ಡಿ ಅದು. ಆ ಹಿತ್ತಿಲು ಆಗಲೇ ಬೇರೆಯವರ ಕೈಗೆ ಹೋಗಿತ್ತು. ಅಂಗಳದಲ್ಲಿಟ್ಟರೆ ಆಡುಗಳು ಬಿಡುವುದಿಲ್ಲವೆಂದು ಕೋಣೆಯೊಳಗೇ ಇಟ್ಟುಕೊಂಡಿದ್ದರು. ದಿನಾ ಬೆಳಿಗ್ಗೆ ಲಿಂಗಪೂಜೆಗೆ ಅದರದೇ ಒಂದು ಕುಡಿ. ನಾನು ಹೋದರೆ ನನ್ನ ಜಡೆಗೂ ಒಂದು ಸಿಕ್ಕಿಸಿ, "ಹೋಗ, ಸಾಲ್ಯಾಗ ಎಲ್ಲಾರೂ ವಾಸನಿ ನೋಡ್ಲಿ" ಎನ್ನುತ್ತಿದ್ದರು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಮರುಗ ಸೊರಗತೊಡಗಿತು. ಮೊದಲು ಕೆಳಗಿನ ಎಲೆಗಳು ಹಳದಿಯಾದವು, ಆಮೇಲೆ ಕುಡಿಗಳೇ ಕಪ್ಪಾದವು. ಮಣ್ಣಿನ ಮೇಲೆ ಬಿಳಿ ಬೂಷ್ಟು, ಅದರ ಸುತ್ತ ನೊರಜು. ಗಿಡಕ್ಕೆ ಬಾಯಾರಿಕೆಯಾಗಿದೆ ಎಂದು ಮಾವಶಿ ತಿಳಿದರು. "ನೀರ ಸಾಲವಲ್ದ ಇದಕ್ಕ" ಎಂದು ಇನ್ನಷ್ಟು ಹಾಕಿದರು. ಹಾಕಿದಷ್ಟೂ ಅದು ಸೊರಗಿತು.

ನಾನು ವ್ಯಾಪಾರಿಯ ಮಗಳು. ಹರಿಪುರದಲ್ಲಿ ನೆಲದೊಳಗೆ ಆಳವಾಗಿ ತೋಡಿದ ಹಗೇವುಗಳಲ್ಲಿ ನಮ್ಮಪ್ಪ ಅರಿಶಿನ ತುಂಬಿಡುತ್ತಿದ್ದರು. ಹಗೇವಿನ ಬಾಯಿ ತೆರೆದು, ಒಳಗಿನ ಗಾಳಿ ಹೋಗಲು ಬಿಟ್ಟು, ಆಮೇಲೆ ಮೇಲಿನ ಹುಲ್ಲನ್ನು ಕೈಗೆತ್ತಿಕೊಂಡು ಮೂಸುವರು. ಹುಳಿ ವಾಸನೆ ಬಂದರೆ ಎಲ್ಲೋ ನೀರು ಇಳಿದಿದೆ, ಮಾಲು ಹೋಯಿತು ಎಂದೇ ಲೆಕ್ಕ. ಅವರ ಹಿಂದೆ ತಿರುಗಿ ಆ ಮೂಸುವ ಚಾಳಿ ನನಗೂ ಅಂಟಿತ್ತು. ಒಂದು ದಿನ ಮಾವಶಿಯ ಕುಂಡಕ್ಕೆ ಮೂಗು ಹಚ್ಚಿದೆ. ಅದೇ ಹುಳಿ. ವಾಲಿಸಿ ನೋಡಿದರೆ ತಳದ ತೂತಿಗೆ ಬಟ್ಟೆಯ ಚಿಂದಿ ತುರುಕಿ, ಮೇಲೆ ಮೇಣ ಬಳಿದು ಭದ್ರ ಮಾಡಿದ್ದರು.

"ಮಾವಶಿ, ತೂತ ಯಾಕ ಮುಚ್ಚೀರಿ? ನೀರ ಹೋಗಾಕ ದಾರೀನ ಇಲ್ಲಲ್ರಿ."

"ಹೋಗಬಾರದಂತನ ಮುಚ್ಚೇನಿ. ಪೂಜಿ ನೀರ ಐತವಾ ಅದು. ಹರದ ನೆಲಕ್ಕ ಬಂದ್ರ ಯಾರರೆ ತುಳೀತಾರ. ಲಿಂಗದ ಮ್ಯಾಲಿನ ನೀರ ಕಾಲಾಗ ಬರಬಾರದು."

ಪೂಜೆಯ ನೀರಿನಲ್ಲಿ ಒಂದು ಗುಟುಕು ತಾವು ಕುಡಿದು, ಉಳಿದದ್ದನ್ನು ಅವರು ಮರುಗಕ್ಕೆ ಹಾಕುತ್ತಿದ್ದರು. ಅದು ದೇವರ ನೀರು, ಗಿಡಕ್ಕೆ ಕೆಟ್ಟದ್ದು ಹೇಗೆ ಮಾಡೀತು?

"ಬೇರ ಕೊಳೀತಾವ್ರಿ," ಎಂದೆ. "ಅತಿ ಆದ್ರ ಅಮೃತಾನೂ ವಿಷ ಅಂತಾರಲ್ರಿ."

"ಇರ್ಲಿ ಬಿಡ. ಅಂವ ನೋಡ್ಕೋತಾನ," ಎಂದು ಕೊರಳಿನ ಲಿಂಗ ಮುಟ್ಟಿಕೊಂಡರು.

ನಾನು ಬಿಡಲಿಲ್ಲ. ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಸೊಕ್ಕು ಒಂದು ಕಡೆ, ಗಿಡದ ಮೇಲಿನ ಮಮತೆ ಇನ್ನೊಂದು ಕಡೆ. ಶ್ರಾವಣ ಸೋಮವಾರ ಮಾವಶಿ ಟಾಂಗಾದಲ್ಲಿ ಹರಿಪುರದ ದೇವಸ್ಥಾನಕ್ಕೆ ಹೋದದ್ದೇ ತಡ, ಕುಂಡವನ್ನು ನಮ್ಮ ಹಿತ್ತಿಲಿಗೆ ಹೊತ್ತು ತಂದೆ. ಚಿಂದಿ ಎಳೆದ ಕೂಡಲೇ ಕಪ್ಪು ನೀರು ಗಳಗಳ ಸುರಿಯಿತು. ಮಣ್ಣು ಬಿಡಿಸಿದರೆ ಬೇರುಗಳು ಲೋಳೆಯಾಗಿ ಕೈಗೆ ಬರುತ್ತಿದ್ದವು. ಕೊಳೆತದ್ದನ್ನೆಲ್ಲ ಕತ್ತರಿಸಿ, ಬಿಳಿಯ ಗಟ್ಟಿ ಬೇರುಗಳನ್ನಷ್ಟೇ ಉಳಿಸಿದೆ. ತೂತಿನ ಮೇಲೆ ಹಂಚಿನ ಬಾಗಿದ ಚೂರನ್ನು ಬೋರಲು ಇಟ್ಟೆ. ಮಣ್ಣು ನಿಲ್ಲಬೇಕು, ನೀರು ಹೋಗಬೇಕು. ಹೊಳೆಯ ಉಸುಕು, ಇಟ್ಟಿಗೆಯ ಚೂರು, ಹಳೆಯ ಗೊಬ್ಬರ ಬೆರೆಸಿದ ಮಣ್ಣು ತುಂಬಿ ಗಿಡ ನೆಟ್ಟೆ.

ನೋಡುತ್ತ ನಿಂತಿದ್ದ ಅವ್ವ, "ಅವರನ್ನ ಕೇಳೀ ಏನ?" ಎಂದಳು.

"ಹೇಳೇನಿ," ಎಂದೆ. ಹೇಳಿದ್ದಂತೂ ಹೌದು. ಅವರು ಬೇಡವೆಂದದ್ದನ್ನು ಅವ್ವನಿಗೆ ತಿಳಿಸಲಿಲ್ಲ.

ಸಂಜೆಗೆ ಕುಂಡವನ್ನು ಮತ್ತೆ ಅವರ ಕಿಟಕಿಯ ಕೆಳಗೆ ಇಟ್ಟು ಬಂದೆ. ಮಾವಶಿ ಕತ್ತಲಾದ ಮೇಲೆ ಬಂದು ದಣಿದು ಮಲಗಿದರು. ಮರುದಿನ ಬೆಳಿಗ್ಗೆ ಹೊಗಳಿಸಿಕೊಳ್ಳಲೆಂದೇ ಹೋಗಿ ಅವರ ಹೊಸ್ತಿಲಲ್ಲಿ ನಿಂತೆ. ಅವರು ಪೂಜೆ ಮುಗಿಸಿ, ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು, ನೀರನ್ನು ಕುಂಡಕ್ಕೆ ಸುರಿದರು. ಹೊಸ ಮಣ್ಣು ಕಂಡು ನನ್ನತ್ತ ತಿರುಗಿ ನಕ್ಕರು ಕೂಡ. ಆಮೇಲೆ ವಿಭೂತಿಯನ್ನು ಗೋಡೆಯ ಗೂಡಿನಲ್ಲಿಡಲು ಹೆಜ್ಜೆ ಹಾಕಿದರು... ಕುಂಡದ ಅಡಿಯಿಂದ ಇಳಿದ ನೀರು ಅಷ್ಟರಲ್ಲಿ ಫರ್ಶಿಯ ಮೇಲೆ ಹರಿದು ಬಂದಿತ್ತು. ಅವರ ಬರಿಗಾಲು ಅದರಲ್ಲೇ ಬಿತ್ತು.

ಬೈದಿದ್ದರೆ ಚೆನ್ನಾಗಿತ್ತು. ಕಾಲೆತ್ತಿ, ಗೋಡೆ ಹಿಡಿದು ನಿಂತರು. ಆಮೇಲೆ ನೆಲಕ್ಕೆ ಕುಳಿತು ಸೆರಗಿನಿಂದ ಆ ನೀರನ್ನೆಲ್ಲ ಒರೆಸಿದರು.

"ಗಿಡ ಸಾಯತಿತ್ರಿ, ಮಾವಶಿ."

"ಹೌದವಾ. ನೀ ಹೇಳಿದ್ದ ಖರೇನ ಐತಿ," ಎಂದರು. ಒದ್ದೆ ಸೆರಗನ್ನು ಮಡಿಲಿಗೆ ಎಳೆದುಕೊಂಡು, "ಆದ್ರ ನನ್ನ ಕಾಲ..." ಎಂದು ಅಷ್ಟಕ್ಕೇ ಬಿಟ್ಟರು.

ತೂತನ್ನು ಅವರು ಮತ್ತೆ ಮುಚ್ಚಲಿಲ್ಲ. ಗಿಡ ಸಾಯಬಾರದು, ಪೂಜೆಯ ನೀರನ್ನು ಯಾರೂ ತುಳಿಯಬಾರದು. ಎರಡಕ್ಕೂ ಅವರಿಗೆ ಕಂಡ ದಾರಿ ಹೊಳೆ. ಮರುದಿನದಿಂದ ಪೂಜೆಯ ನೀರನ್ನು ಗಿಡಕ್ಕೆ ಹಾಕದೆ, ತಂಬಿಗೆಯಲ್ಲಿ ಹಿಡಿದು ಕೃಷ್ಣೆಯ ಘಾಟಿನವರೆಗೆ ನಡೆಯತೊಡಗಿದರು. ಮೊದಲೇ ಮೊಣಕಾಲು ನೋವಿನ ಹೆಂಗಸು. ಅವ್ವ ಒಮ್ಮೆ ಅಂಗಳದಲ್ಲಿ ತಡೆದು, "ನಮ್ಮ ಹುಡಿಗಿ ಕೈಯಾಗ ಕೊಡ್ರಿ, ಹಾಕಿ ಬರ್ತಾಳ" ಎಂದಳು. "ಬ್ಯಾಡಬಿಡ, ಅಕಿಗೆ ಸಾಲಿಗೆ ಹೊತ್ತಾಗತೈತಿ" ಎಂದರು ಮಾವಶಿ. ಒಳಗೆ ಜಡೆ ಹೆಣೆದುಕೊಳ್ಳುತ್ತಿದ್ದ ನನಗೆ ಎರಡೂ ಮಾತು ಕೇಳಿಸಿದವು. ಎದ್ದು ಹೋಗಬಹುದಿತ್ತು. ಜಡೆ ಹೆಣೆಯುತ್ತ ಕುಳಿತೆ.

ಹೊಳೆ ಏರಿ ಇಳಿದ ದಿನಗಳು. ಘಾಟಿನ ಮೆಟ್ಟಿಲುಗಳ ತುಂಬ ರಾಡಿ. ಒಂದು ಬೆಳಿಗ್ಗೆ ಮಾವಶಿಯನ್ನು ಚಕ್ಕಡಿಯಲ್ಲಿ ಮಲಗಿಸಿ ತಂದರು; ಜಾರಿ ಬಿದ್ದಿದ್ದರು. ಮಿರಜಿನ ಆಸ್ಪತ್ರೆಗೆ ಒಯ್ದರು. ಸೊಂಟದ ಎಲುಬು ಮುರಿದಿತ್ತು. ತಿರುಗಿ ಬಂದ ಮೇಲೆ ಅವರು ಹೊರಸು ಬಿಟ್ಟು ಏಳಲಿಲ್ಲ.

ಮರುಗ ಮಾತ್ರ ಹುಲುಸಾಗಿ ಬೆಳೆಯಿತು. ಕುಂಡ ಕಾಣದಷ್ಟು ಹಬ್ಬಿತು. ನೋಡಲು ಬಂದವರು ಗಿಡ ಕಂಡು, ಯಾರ ಕೈಗುಣ ಇದು ಎಂದು ಕೇಳಿದರೆ ಮಾವಶಿ ನನ್ನತ್ತ ತೋರಿಸಿ, "ಈಕಿದು" ಎನ್ನುತ್ತಿದ್ದರು. ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ವರ್ಷ ನೋಯುತ್ತಿರಲಿಲ್ಲವೇನೋ.

ಪೂಜೆಯ ನೀರನ್ನು ಹೊಳೆಗೆ ಒಯ್ಯುವ ಕೆಲಸ ಈಗ ನನ್ನದಾಯಿತು. ಶಾಲೆಗೆ ಹೊತ್ತಾದರೂ ಒಯ್ಯುತ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಒಂದು ಮಧ್ಯಾಹ್ನ ಮಾವಶಿ ಹೊರಸಿನ ಮೇಲೆ ಒರಗಿ, ಅಂಚು ಎತ್ತರವಿದ್ದ ಹಿತ್ತಾಳೆಯ ತಾಟಿನಲ್ಲಿ ಬೇಳೆ ಆರಿಸುತ್ತಿದ್ದರು. ಆರಿಸುತ್ತಿದ್ದ ಕೈ ನಿಂತಿತು. ಬೇಳೆಯನ್ನೆಲ್ಲ ಉಡಿಗೆ ಸುರಿದುಕೊಂಡು, ಬರಿದಾದ ತಾಟನ್ನು ನನ್ನತ್ತ ಚಾಚಿದರು.

"ಇದನ್ನ ಕುಂಡದ ಕೆಳಗ ಇಡ. ಪೂಜಿ ನೀರ ಮತ್ತ ಗಿಡಕ್ಕ ಹಾಕೂಣು, ಇದ್ರಾಗ ಇಳೀಲಿ, ಒಂದ ಕೊಡದಾಗ ಕೂಡಿಸಿಡು. ಕೊಡ ತುಂಬಿದಾಗ ಹೊಳಿಗೆ ಹಾಕಿದ್ರಾತು."

ಇಟ್ಟೆ. ಗಿಡಕ್ಕೆ ನೀರು ಹಾಕಿದೆ. ಹಂಚಿನ ಚೂರು ದಾಟಿ ಬಂದ ನೀರು ತಾಟಿನಲ್ಲಿ ತಟತಟ ಇಳಿಯಿತು. ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ.

"ನೋಡವಾ, ಇಷ್ಟೇ ಇತ್ತ," ಎಂದು ಮಾವಶಿ ನಕ್ಕರು. "ಮೊದಲ ಹೊಳೀಬಾರದಿತ್ತೇನ ನಮಗ?"

ನನ್ನ ತಪ್ಪಿನಲ್ಲಿ ಅರ್ಧವನ್ನು ಅವರು ನಗುನಗುತ್ತ ತಮ್ಮ ಮೇಲೆ ಎಳೆದುಕೊಂಡಿದ್ದರು. ನಾನು ಕೊಡ ತರುತ್ತೇನೆಂದು ಹೊರಗೆ ಬಂದು ಅತ್ತೆ. ಬೇರು ಕತ್ತರಿಸುವುದು, ಮಣ್ಣು ಬೆರೆಸುವುದು ಎಲ್ಲ ಹೊಳೆದಿತ್ತು ನನಗೆ. ಒಂದು ತಾಟು ಹೊಳೆದಿರಲಿಲ್ಲ. ಗಿಡದ ಸಂಕಟವೊಂದನ್ನೇ ನೋಡಿದ್ದೆ, ಮುದುಕಿಯದನ್ನು ನೋಡಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡುವಾಗ ಅಂಗೈಯ ಲಿಂಗದ ಮೇಲೆ ಮರುಗದ ಕುಡಿ ಇಟ್ಟರು. ಚಿವುಟಿ ಕೊಟ್ಟವಳು ನಾನೇ. ಕುಂಡವನ್ನೂ ತಾಟನ್ನೂ ಅವರ ಮಗ ನನಗೇ ಕೊಟ್ಟರು. ಮದುವೆಯಾಗಿ ಮಿರಜಿಗೆ ಬಂದಾಗ ಎರಡೂ ನನ್ನ ಜೊತೆ ಬಂದವು. ಮರುಗ ಕೆಲವು ವರ್ಷ ಬದುಕಿತು. ತಾಟು ಇನ್ನೂ ಇದೆ. ಅಂಚಿನಲ್ಲಿ ಕೊರೆಸಿದ್ದ ಅವರ ಹೆಸರು, ಹುಣಸೆಹಣ್ಣು ಹಚ್ಚಿ ಬೆಳಗಿ ಬೆಳಗಿ, ಓದಲಾಗದಷ್ಟು ಸವೆದಿದೆ.

ಮೊನ್ನೆ ಮೊಮ್ಮಗಳಿಗೆ ಇದನ್ನೆಲ್ಲ ಹೇಳುತ್ತ ಅವಳ ಕುಂಡದ ಟೇಪು ಕಿತ್ತು, ಮಣ್ಣು ಬದಲಿಸಿ, ಆ ತಾಟನ್ನು ಹುಡುಕಿ ತಂದು ಕೆಳಗಿಟ್ಟೆ. ನೀರು ಹಾಕಿದೆವು. ತಟತಟ ಇಳಿಯಿತು... ತಾಟನ್ನು ಸರಿಸಹೋದಾಗ ಒಂದಿಷ್ಟು ನೀರು ಅಂಚು ದಾಟಿ ಚೆಲ್ಲಿ, ನನ್ನ ಕಾಲಿನತ್ತ ಹರಿದು ಬಂತು.

"ಅಜ್ಜಿ, ಬರೇ ನಳದ ನೀರ ಐತಿ. ಬಾ ಈ ಕಡೆ," ಎಂದಳು ಅವಳು, ತನ್ನ ಹರಕು ಮುರುಕು ಕನ್ನಡದಲ್ಲಿ.

ನಳದ ನೀರೆಂದು ನನಗೂ ಗೊತ್ತು. ಅವಳು ಬಟ್ಟೆ ತಂದು ಒರೆಸುವವರೆಗೆ ನಾನು ಗೋಡೆ ಹಿಡಿದು ನಿಂತೇ ಇದ್ದೆ.