ತಿರುವನಂತಪುರಕ್ಕೆ ಒಯ್ದ ಪೇಢೆ

ನಸುಕಿನಲ್ಲೇ ತ್ರಿಪ್ಪುಣಿತ್ತುರದ ಮನೆಯಿಂದ ಆಟೋ ಹಿಡಿದು ಕೊಚ್ಚಿಯ ವೈಟ್ಟಿಲ ಬಸ್ ನಿಲ್ದಾಣ ಮುಟ್ಟಿದಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಮಗಳು ನೇಹಾಳ ಪಾಸ್‌ಪೋರ್ಟ್ ಅರ್ಜಿಯ ಕಾಗದಪತ್ರ, ಇನ್ನೊಂದರಲ್ಲಿ ನನ್ನ ತಮ್ಮ ಊರಿಂದ ತಂದುಕೊಟ್ಟಿದ್ದ ಧಾರವಾಡ ಪೇಢೆಯ ಡಬ್ಬಿ. ದೊಡ್ಡವರನ್ನು ಕಾಣಲು ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮ ಕಡೆಯ ರೂಢಿ. ಕೊಚ್ಚಿಯ ಬ್ಯಾಂಕಿನಲ್ಲಿ ಇಷ್ಟು ವರ್ಷ ದುಡಿದರೂ ಅದು ನನ್ನನ್ನು ಬಿಟ್ಟಿಲ್ಲ.

ಒಂಬತ್ತನೇ ತರಗತಿಯ ನೇಹಾ ಶಾಲೆಯ ಬ್ಯಾಡ್ಮಿಂಟನ್ ತಂಡದ ಜೊತೆ ಕೊಲಂಬೊಗೆ ಹೋಗಬೇಕಿತ್ತು. ಪಾಸ್‌ಪೋರ್ಟಿಗೆ ಬೇಕಾದ ಪೊಲೀಸ್ ವರದಿ ಬುಧವಾರದೊಳಗೆ ಮುಂದೆ ಹೋಗದಿದ್ದರೆ ಅವಳ ಜಾಗಕ್ಕೆ ಬೇರೆ ಹುಡುಗಿ. ಅಂದು ಬುಧವಾರ. ಪರಿಶೀಲನೆಗೆ ಬಂದ ಪೊಲೀಸಪ್ಪ ನಮ್ಮ ಮನೆಯಲ್ಲಿ ಚಹಾ ಕುಡಿದು, ಎಲ್ಲ ಸರಿಯಿದೆ ಎಂದು ಹೋಗಿ ತಿಂಗಳಾಗಿತ್ತು. ವರದಿ ಮಾತ್ರ ಕೊಚ್ಚಿಯ ಪೊಲೀಸ್ ಕಚೇರಿಯಿಂದ ಕದಲಿರಲಿಲ್ಲ. ಕೇಳಲು ಹೋದರೆ ಗುಮಾಸ್ತ ತಲೆಯೆತ್ತದೆ, ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಎಂದ. ಅಂಗಡಿಯವನು ಒಂದೇ ಒಂದು ಹಾಳೆಯ ಪ್ರತಿ ತೆಗೆದು ಐದು ಸಾವಿರ ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಾಸೂ ಕೊಡದೆ ಎದ್ದು ಬಂದೆ. ತಿರುವನಂತಪುರದಲ್ಲಿ ಮೇಲಧಿಕಾರಿಯೇ ಕೂತು ಜನರ ದೂರು ಕೇಳುವ ಅದಾಲತ್ ನಡೆಯುತ್ತದೆ ಎಂದು ಬ್ಯಾಂಕಿನಲ್ಲಿ ಯಾರೋ ಹೇಳಿದರು. ರಜೆ ಹಾಕಿ ನಾನೂ ನೇಹಾಳೂ ಹೊರಟೆವು.

ಸುಮಾರು ಇನ್ನೂರು ಕಿಲೋಮೀಟರ್ ದಾರಿ. ಇಬ್ಬರ ಟಿಕೆಟ್ಟಿಗೆ ಐನೂರರ ಮೇಲೆ ಸ್ವಲ್ಪ. ಆಲಪ್ಪುಳದಲ್ಲಿ ಬಸ್ಸು ನಿಂತಾಗ ಅಪ್ಪಂ, ಕಡಲೆ ಕರಿ ತಿಂದೆವು. ಕೊಲ್ಲಂ ಹತ್ತಿರ ಮಳೆ ಹೊಡೆಯಿತು. ಎಲ್ಲರೂ ಕಿಟಕಿಯ ಶಟರ್ ಎಳೆದುಕೊಂಡರು, ಬಸ್ಸಿನೊಳಗೆ ಹಾಡಹಗಲೇ ಕತ್ತಲಾಯಿತು.

"ಅಮ್ಮೇ, ನಡಕ್ಕುಮೋ?" ಕೆಲಸ ಆದೀತಾ ಎಂದು ನೇಹಾ ಕೇಳಿದಳು. ನನ್ನ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ಮಲಯಾಳದಲ್ಲೇ.

"ಆಗ್ದ ಏನ್ ಮಾಡ್ತದ? ಸುಮ್ನ ಕೂಡು," ಎಂದೆ. ಧೈರ್ಯ ಬಾಯಲ್ಲಿ ಮಾತ್ರ ಇತ್ತು.

ತಿರುವನಂತಪುರದ ತಂಪಾನೂರಿನಲ್ಲಿ ಇಳಿದು ಕಚೇರಿ ತಲುಪಿದಾಗ ಮಧ್ಯಾಹ್ನ. ಹಾಲ್ ತುಂಬ ಜನ. ನಮ್ಮ ಸರದಿ ಬಂದಾಗ ಒಳಗಿನ ಕೋಣೆಗೆ ಹೋದೆವು. ಅಧಿಕಾರಿ ಹೆಂಗಸು, ಕನ್ನಡಕದ ಮೇಲಿಂದ ನೋಡುವವರು. ನಾನು ಕೈಮುಗಿದು, ದೂರಿನ ಕಾಗದ ಕೊಟ್ಟು, ರೂಢಿಯಂತೆ ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

"ಇದೇನು?"

"ನಮ್ಮೂರ ಪೇಢೆ, ಮೇಡಂ."

"ಲಂಚದ ವಿರುದ್ಧ ದೂರು ಕೊಡಲು ಬಂದು ನನ್ನ ಮೇಜಿನ ಮೇಲೆ ಡಬ್ಬಿ ಇಡುತ್ತೀರಾ? ಮೊದಲು ಇದನ್ನು ಹೊರಗೆ ಒಯ್ಯಿರಿ. ಕೊನೆಯಲ್ಲಿ ಕರೆಯುತ್ತೇನೆ."

ನೆಲ ಬಾಯಿ ಬಿಡಬಾರದೆ ಅನಿಸಿತು. ಹೊರಗೆ ಬಂದ ಕೂಡಲೇ ನೇಹಾಳ ಕಣ್ಣಲ್ಲಿ ನೀರು. "ಎಂದಿನಾ ಅಮ್ಮೇ ಇದ್ ಕೊಂಡುವನ್ನೇ?" ಇದನ್ನು ಯಾಕೆ ತಂದೆ ಎಂದು ಅವಳ ಪ್ರಶ್ನೆ. ಡಬ್ಬಿ ಹಿಡಿದು ಮತ್ತೆ ಒಳಗೆ ಹೋಗುವಂತಿಲ್ಲ. ಎಸೆಯೋಣವೆಂದರೆ, ಪೇಢೆ ಎಸೆಯುವ ಹೆಂಗಸು ಧಾರವಾಡದಲ್ಲಿ ಇನ್ನೂ ಹುಟ್ಟಿಲ್ಲ. ಮುಚ್ಚಳ ತೆಗೆದು ಕಾಯುತ್ತಿದ್ದವರಿಗೆಲ್ಲ ಹಂಚತೊಡಗಿದೆ.

ಸಿಹಿ ಕೊಟ್ಟರೆ ಸುದ್ದಿಯನ್ನೂ ಕೊಡಬೇಕಲ್ಲ! ಮೊದಲ ಸಾಲಿನಲ್ಲಿದ್ದ ನರ್ಸ್ ಒಬ್ಬರು, "ಏನು ಚೇಚಿ, ಮಗಳು ಪಾಸಾದಳಾ?" ಎಂದು ಮಲಯಾಳದಲ್ಲಿ ಕೇಳಿದರು. "ಪಾಸೂ ಇಲ್ಲ, ಮದುವೆಯೂ ಇಲ್ಲ," ಎಂದು ಗುಮಾಸ್ತನಿಂದ ಜೆರಾಕ್ಸ್ ಅಂಗಡಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ನರ್ಸಿನ ಕೈಯಲ್ಲಿದ್ದ ಪೇಢೆ ಬಾಯಿಗೆ ಹೋಗಲಿಲ್ಲ. ಅವರನ್ನೂ ಅದೇ ಅಂಗಡಿಗೆ ಕಳಿಸಿದ್ದರಂತೆ.

ಹಿಂದಿನಿಂದ ಒಬ್ಬ ವಿದ್ಯಾರ್ಥಿ ಎದ್ದು ಬಂದ. "ಅಕ್ಕಾ, ನೀವು ಕನ್ನಡದವರಾ? ನಾನು ಕಾಸರಗೋಡಿನವ, ಓದುವುದು ಕೊಚ್ಚಿಯಲ್ಲಿ. ನನ್ನತ್ರ ಸಹ ಅದೇ ಅಂಗಡಿಗೆ ಹೋಗ್ಲಿಕ್ಕೆ ಹೇಳಿದ್ದು ಮಾರಾಯ್ರೇ! ನಾನೊಬ್ಬನೇ ಸಿಕ್ಕಿ ಬಿದ್ದದ್ದು ಅಂತ ಗ್ರಹಿಸಿದ್ದೆ."

ಪೇಢೆ ಸಾಲಿನಿಂದ ಸಾಲಿಗೆ ಹೋದಂತೆ ಕೊಚ್ಚಿಯವರು ಒಬ್ಬೊಬ್ಬರಾಗಿ ಎದ್ದರು. ಬೆಳಗಿನಿಂದ ಪಕ್ಕಪಕ್ಕದಲ್ಲೇ ಕೂತವರು ನಾಚಿಕೆಯಿಂದ ಪರಸ್ಪರ ಬಾಯಿಬಿಟ್ಟಿರಲಿಲ್ಲ. ಕೊನೆಗೆ ನನ್ನನ್ನು ಕರೆದಾಗ ನನ್ನ ಬೆನ್ನಿಗೆ ಆರೇಳು ಮಂದಿ ಇದ್ದರು.

ಅಧಿಕಾರಿ ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರದೂ ಒಂದೇ ಗುಮಾಸ್ತ, ಒಂದೇ ಅಂಗಡಿ. ಕಂಪ್ಯೂಟರಿನಲ್ಲಿ ನೋಡಿದರೆ ಪೊಲೀಸಪ್ಪ ನಮ್ಮ ಮನೆಯಲ್ಲಿ ಚಹಾ ಕುಡಿದ ದಿನವೇ ವರದಿ ಕೊಟ್ಟಿದ್ದ. ಅವರು ಕೊಚ್ಚಿಗೆ ಫೋನ್ ಮಾಡಿದರು. ಧ್ವನಿ ಏರಿಸಲಿಲ್ಲ. "ಆ ಮನುಷ್ಯ ಈಗಲೇ ಕುರ್ಚಿ ಬಿಟ್ಟು ಏಳಲಿ. ವಿಚಾರಣೆಗೆ ನಾಳೆ ಇಲ್ಲಿಗೆ ಬರಲಿ. ಇವರೆಲ್ಲರ ವರದಿ ಇವತ್ತೇ ಹೋಗಬೇಕು."

ಫೋನಿಟ್ಟು ನನ್ನತ್ತ ತಿರುಗಿದರು. "ಡಬ್ಬಿ?"

"ಖಾಲಿ, ಮೇಡಂ."

"ಒಳ್ಳೆಯದು," ಎಂದರು. ನಕ್ಕರೋ ಇಲ್ಲವೋ ನನಗೆ ಇನ್ನೂ ಅನುಮಾನ.

ಚಾಲೈ ಪೇಟೆಯಲ್ಲಿ ಒಂದು ಸುತ್ತು ಹಾಕಿ, ಬಿಸಿಬಿಸಿ ಬಾಳೆಕಾಯಿ ಚಿಪ್ಸ್ ಕಟ್ಟಿಸಿಕೊಂಡು, ಕೊಚ್ಚಿಯವರೆಲ್ಲ ಒಂದೇ ಬಸ್ ಹತ್ತಿದೆವು. ಊರು ದಾಟುವ ಮೊದಲೇ ಕಾಸರಗೋಡಿನ ಹುಡುಗನ ಮೊಬೈಲಿಗೆ ಸಂದೇಶ ಬಂತು: ವರದಿ ಮುಂದೆ ಹೋಗಿದೆ. ಆಟ್ಟಿಂಗಲ್ ಬಳಿ ನರ್ಸಿಗೆ ಬಂತು. ಕೊಲ್ಲಂನಲ್ಲಿ ಮತ್ತಿಬ್ಬರಿಗೆ. ನಮ್ಮದು ಮಾತ್ರ ಇಲ್ಲ. ನೇಹಾ ನನ್ನ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಚಿಪ್ಸ್ ಮುಟ್ಟಲಿಲ್ಲ. ಕಂಡಕ್ಟರಿಗೂ ವಿಷಯ ಗೊತ್ತಾಗಿ, ಬಂದಾಗಲೆಲ್ಲ "ವನ್ನೋ ಮೋಳೇ?" ಬಂತಾ ಮಗಳೇ ಎಂದು ಕೇಳುತ್ತಿದ್ದ.

ಹರಿಪಾಡ್ ದಾಟಿದ ಮೇಲೆ ಬಂತು. ನೇಹಾ ಕಿರುಚಿದ ಸದ್ದಿಗೆ ಡ್ರೈವರ್ ತಿರುಗಿ ನೋಡಿದ. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ನನಗೆ ಅಳು ತಡೆಯಲಾಗಲಿಲ್ಲ, ತಡೆಯುವ ಮನಸ್ಸೂ ಇರಲಿಲ್ಲ. ಅವಳು ಆಗಲೇ ತರಬೇತುದಾರರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮಲಯಾಳದಲ್ಲಿ ಹೇಳುತ್ತಿದ್ದಳು: "ಸಾರ್, ಕೊಲಂಬೊಗೆ ನಾನೇ ಬರುವುದು. ಆ ಹುಡುಗಿಗೆ ಈಗಲೇ ಹೇಳಿಬಿಡಿ."