ಮೊದಲು ಅಕ್ಕನ ಮನೆಗೆ

ಬೈಲಹೊಂಗಲದ ಒಂದು ಮನೆಯಲ್ಲಿ ಭಾನುವಾರದ ಪ್ರಾರ್ಥನೆ ನಡೆಸಲು ಹೋಗಿದ್ದೆ. ದೇವರಿಗೆ ಕಾಣಿಕೆ ಕೊಡುವಾಗ ನಮ್ಮ ಮೇಲೆ ಯಾರಿಗಾದರೂ ಮುನಿಸಿರುವುದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಯೇಸು ಕಲಿಸಿದ್ದನ್ನು ವಿವರಿಸುತ್ತಿದ್ದೆ.

ಮುಂದೆ ಕುಳಿತಿದ್ದ ಶಾಂತವ್ವ ತಾನು ಕಾಣಿಕೆಗೆಂದು ತಂದಿದ್ದ ಜೋಳದ ಚೀಲವನ್ನು ಅಲ್ಲೇ ಬಿಟ್ಟು ಎದ್ದಳು.

"ನಾ ಸಂಗೊಳ್ಳಿಗೆ ಹೊಂಟೇನ್ರಿ. ಅಕ್ಕನ ಜೋಡಿ ಮಾತು ಬಿಟ್ಟು ಭಾಳ ವರ್ಷ ಆತು. ತಪ್ಪು ನಂದ ಐತಿ."

"ಪ್ರಾರ್ಥನಿ ಮುಗಿಸಿಕೊಂಡು ಹೋಗವಾ," ಎಂದೆ.

"ಮೊದಲ ಹೋಗಬೇಕಂತ ಈಗ ನೀವೇ ಹೇಳಿದ್ರಲ್ಲ? ಕುಂತ್ರ ಧೈರ್ಯ ಹೋಗತೈತಿ. ನಾ ಬರೂಮಟ ಕಾಯ್ರಿ," ಎಂದವಳೇ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಏನಾದರಾಗಲಿ, ಕಾದೇ ತೀರುವುದೆಂದು ಮನಸ್ಸು ಗಟ್ಟಿಮಾಡಿದೆ. ಉಳಿದವರೂ ಕದಲಲಿಲ್ಲ. ಗೊತ್ತಿದ್ದ ಹಾಡುಗಳನ್ನೆಲ್ಲ ಹಾಡಿದೆವು, ಮನೆಯವರು ಮತ್ತೆ ಮತ್ತೆ ಚಹಾ ಕೊಟ್ಟರು.

ಮಧ್ಯಾಹ್ನ ದಾಟಿದ ಮೇಲೆ ಶಾಂತವ್ವ ಅಕ್ಕನ ಕೈಹಿಡಿದುಕೊಂಡು ಬಂದಳು. ಇಬ್ಬರೂ ಅತ್ತಿದ್ದರು.

"ನನ್ನ ನೋಡಿ ಬಾಗಲಾ ಹಾಕ್ಕೊಂಡ್ಲ್ರಿ. ಕಟ್ಟಿ ಮ್ಯಾಲ ಕುಂತುಬಿಟ್ಟೆ," ಎಂದಳು ಶಾಂತವ್ವ.

"ಬಿಸಿಲಾಗ ಸಾಯ್ತಾಳಂತ ತಗದೇನ್ರಿ," ಎಂದು ಅಕ್ಕ ನಕ್ಕಳು.

ಆಮೇಲೆ ಪ್ರಾರ್ಥನೆ ಮುಗಿಸಿದೆವು.

ಸವದತ್ತಿ, ರಾಮದುರ್ಗ, ಎಲ್ಲಿ ಹೋದರೂ ಈ ಮಾತನ್ನು ಬಿಡದೆ ಬೋಧಿಸುತ್ತೇನೆ. ಆದರೆ ಮೊದಲು ಆ ಊರಿನ ಬಸ್ಸುಗಳ ವೇಳೆ ವಿಚಾರಿಸಿಕೊಳ್ಳುತ್ತೇನೆ.